ಗಣಿತಸಾರಸಂಗ್ರಹದ ಚತುರ್ಭುಜಸೂತ್ರ

ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ಕವಿರಾಜಮಾರ್ಗವು ನೆನಪಾಗುವುದು ಸಹಜ. ಅದೇ ಅರಸನನ್ನು ಸ್ತುತಿಸಿ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹಕ್ಕೆ ಅಷ್ಟು ಓದುಗರಿಲ್ಲ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಗ್ರಂಥಕಾರನ ಬೋಧನಕ್ರಮ ಸರಳವಾದುದು. ಮೊದಲು ಸೂತ್ರ, ಒಡನೆಯೇ ಉದಾಹರಣೆ, ಉಪಪತ್ತಿಯ ಗೋಜಿಲ್ಲ. ಕ್ಷೇತ್ರಗಣಿತದಲ್ಲಿ ಆತನು ಸ್ಥೂಲಫಲ, ಸೂಕ್ಷ್ಮಫಲಗಳೆಂದು ಎರಡು ಬಗೆಯ ಉತ್ತರಗಳನ್ನು ಬೇರ್ಪಡಿಸುತ್ತಾನೆ. ವ್ಯಾಸವು 10 ಇರುವ ವೃತ್ತದ ಪರಿಧಿ ಸ್ಥೂಲವಾಗಿ 30; ಸೂಕ್ಷ್ಮವಾಗಿ 1000ದ ವರ್ಗಮೂಲ, ಎಂದರೆ 31.62. ನಿಜವಾದ ಬೆಲೆ 31.42ರಷ್ಟು. ಯಾವುದು ಅಂದಾಜು, ಯಾವುದು ಅದಕ್ಕಿಂತ ನಿಖರವೆಂದು ಶಿಷ್ಯನಿಗೆ ಮೊದಲೇ ತಿಳಿಸುವ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. (ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂಬ ಆತನ ಮಾತನ್ನು ಮಾತ್ರ ಯಾರೂ ಸಮರ್ಥಿಸಲಾರರು.)

ಆದರೆ ಚತುರ್ಭುಜದ ಸೂಕ್ಷ್ಮಸೂತ್ರದಲ್ಲಿ ಈ ಎಚ್ಚರ ಸಡಿಲಗೊಂಡಿದೆ. ನಾಲ್ಕು ಭುಜಗಳ ಮೊತ್ತದ ಅರ್ಧದಿಂದ ಒಂದೊಂದು ಭುಜವನ್ನೂ ಕಳೆದು, ಶೇಷಗಳನ್ನು ಪರಸ್ಪರ ಗುಣಿಸಿ, ವರ್ಗಮೂಲ ತೆಗೆಯಬೇಕೆಂಬುದು ಸೂತ್ರ. ಪ್ರತಿ ಭುಜವೂ 25 ಇರುವ ಹೊಲವನ್ನು ತೆಗೆದುಕೊಳ್ಳಬಹುದು. ಮೊತ್ತ 100, ಅರ್ಧ 50, ಶೇಷಗಳು ನಾಲ್ಕೂ 25, ಗುಣಲಬ್ಧ 3,90,625, ವರ್ಗಮೂಲ 625. ಲೆಕ್ಕದ ಯಾವ ಮೆಟ್ಟಿಲಿನಲ್ಲಿಯೂ ತಪ್ಪಿಲ್ಲ. ಉತ್ತರ ಮಾತ್ರ ಹೊಲವು ಚೌಕವಾಗಿದ್ದರಷ್ಟೇ ಸರಿ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿರಬೇಕೆಂಬ ನಿಬಂಧನೆಯನ್ನು ಸೂತ್ರವು ಹೇಳುವುದೇ ಇಲ್ಲ. ಆತನಿಗಿಂತ ಹಿಂದಿನ ಬ್ರಹ್ಮಗುಪ್ತನೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲವೆಂಬುದು ಸಮಾಧಾನವಾಗಬಹುದೇ ಹೊರತು ಸಮರ್ಥನೆಯಾಗದು.

ಈ ಕೊರತೆಯನ್ನು ಗುರುತಿಸಿದವನು 1150ರ ಲೀಲಾವತಿಯ ಭಾಸ್ಕರಾಚಾರ್ಯ. ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು ಆತನು ಪಿಶಾಚನೆಂದೇ ಜರೆಯುತ್ತಾನೆ. ಉತ್ತರ ಕೊಡಲು ಹೊರಡುವವನು ಅವನಿಗಿಂತಲೂ ಕಡೆ! ಬೈಗಳು ತುಸು ಬಿರುಸಾದರೂ ಅದರ ಹಿಂದಿನ ಗಣಿತ ಗಟ್ಟಿಯಾದುದು. ಭುಜ 25ರ ಸಮಚತುರ್ಭುಜವನ್ನೇ ಆತನೂ ಎತ್ತಿಕೊಳ್ಳುತ್ತಾನೆ. ಕರ್ಣಗಳು 30 ಮತ್ತು 40 ಆದರೆ ಗುಣಲಬ್ಧ 1200, ಅದರ ಅರ್ಧ 600. ಕರ್ಣಗಳು 14 ಮತ್ತು 48 ಆದರೆ ಗುಣಲಬ್ಧ 672, ಕ್ಷೇತ್ರಫಲ 336. ಭುಜಗಳು ಕಿಂಚಿತ್ತೂ ಬದಲಾಗಿಲ್ಲ. ನೆಲ ಮಾತ್ರ ಅರ್ಧದಷ್ಟು ಕುಗ್ಗಿದೆ. ಮಹಾವೀರನ ಸೂತ್ರವನ್ನಷ್ಟೇ ಕಂಠಪಾಠ ಮಾಡಿದ ಶಿಷ್ಯನು ಈ ಹೊಲಕ್ಕೂ 625 ಎಂದೇ ಬರೆದುಕೊಡುತ್ತಿದ್ದನು.