ಸಸ್ಯಲಕ್ಷಣ: ಗುರುತು ಮತ್ತು ಕಾರ್ಯ

ಪ್ರಾಚೀನ ಕನ್ನಡ ಕಾವ್ಯಗಳಲ್ಲಿ ವನವರ್ಣನೆಗೆ ಕೊರತೆಯಿಲ್ಲ. ಅಷ್ಟಾದಶ ವರ್ಣನೆಗಳ ಕಟ್ಟಿಗೆ ಒಳಪಟ್ಟ ಕವಿಗಳಲ್ಲಿ ಅನೇಕರು ಮಾವು, ಅಶೋಕ, ಸಂಪಗೆ, ಸುರಹೊನ್ನೆಗಳನ್ನು ಒಂದೇ ಉಸಿರಿನಲ್ಲಿ ಎಣಿಸಿ ಮುಂದೆ ಸಾಗುತ್ತಾರೆ. ಅಲ್ಲಿ ಮರವು ಉದ್ದೀಪನ ವಿಭಾವವೇ ಹೊರತು ತನ್ನ ನೆಲದಲ್ಲಿ ಬಾಳುವ ಜೀವಿಯಲ್ಲ. ರಸದೃಷ್ಟಿಯಿಂದ ಇದು ದೋಷವೆನಿಸದು. ಸಸ್ಯದೃಷ್ಟಿಯಿಂದ ಮಾತ್ರ ಅದು ಬರಿಯ ಪಟ್ಟಿ.

ಈ ಪಟ್ಟಿಯನ್ನು ದಾಟಿ ಸಸ್ಯವನ್ನು ಸಸ್ಯವಾಗಿಯೇ ಕಾಣುವ ದೃಷ್ಟಿಯನ್ನು ಕನ್ನಡ ಗದ್ಯದಲ್ಲಿ ನೆಲೆಗೊಳಿಸಿದವರಲ್ಲಿ ಡಾ. ಬಿ. ಜಿ. ಎಲ್. ಸ್ವಾಮಿ (1918–1980) ಅಗ್ರಗಣ್ಯರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನದ ಮೂಲಕ ಎಲೆ, ಹೂ, ಕಾಯಿಗಳ ಸೂಕ್ಷ್ಮ ಭೇದಗಳನ್ನು ಸಾಮಾನ್ಯ ವಾಚಕನ ಕಣ್ಣಿಗೆ ತಂದುಕೊಟ್ಟದ್ದು ಆ ಕೃತಿಯ ಹಿರಿಮೆ. ವಿನೋದವು ಅಲ್ಲಿ ಶಾಸ್ತ್ರವನ್ನು ಮರೆಮಾಡದೆ ಅದಕ್ಕೆ ದಾರಿ ತೋರಿಸುತ್ತದೆ. ಆದರೂ ಪರ್ಯಟನದ ಚೌಕಟ್ಟು ಸಹಜವಾಗಿಯೇ ‘ಈ ಗಿಡ ಯಾವುದು?’ ಎಂಬ ಪ್ರಶ್ನೆಗೆ ಪ್ರಾಧಾನ್ಯ ಕೊಡುತ್ತದೆ. ಲಕ್ಷಣವು ಮೊದಲಿಗೆ ಗುರುತಾಗುತ್ತದೆ. ‘ಈ ಲಕ್ಷಣವು ಆ ನೆಲೆಯಲ್ಲಿ ಮಾಡುವ ಕಾರ್ಯವೇನು?’ ಎಂಬ ಮುಂದಿನ ಪ್ರಶ್ನೆ ಇಂದಿನ ವಾಚಕನ ಪಾಲಿನದು.

ಮುಂಬಯಿಯ ಕನ್ನಡಿಗನಿಗೆ ಈ ಪ್ರಶ್ನೆಯ ಉದಾಹರಣೆ ದೂರದಲ್ಲಿಲ್ಲ. ಠಾಣೆ ಖಾರಿಯ ದಡದಲ್ಲಿ, ವಿಕ್ರೋಳಿಯಲ್ಲಿ, ಮಾಹೀಮಿನ ಕೊಲ್ಲಿಯಲ್ಲಿ ಬೆಳೆದಿರುವ ಕಾಂಡ್ಲಾ ಗಿಡಗಳಲ್ಲಿ ಅವಿಸೆನಿಯಾ ಮರೀನಾ ಮುಖ್ಯವಾದುದು. ಮರಾಠಿಯಲ್ಲಿ ಅದು ತಿವರ. ಅದರ ಎಲೆಯ ಗ್ರಂಥಿಗಳು ಉಪ್ಪನ್ನು ಹೊರಹಾಕುತ್ತವೆ. ಗಾಳಿಯಾಡದ ಕೆಸರಿನಿಂದ ಪೆನ್ಸಿಲಿನಂತೆ ಮೇಲಕ್ಕೆ ಚಾಚಿದ ಬೇರುಗಳು ಉಸಿರಾಡುತ್ತವೆ. ಇವು ಗಿಡದ ಗುರುತುಗಳು ಹೌದು. ಅದು ಅಲ್ಲಿ ಬಾಳಲು ಕಾರಣಗಳೂ ಹೌದು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಬೇರುಗಳು ಉಬ್ಬರದ ವೇಗವನ್ನು ತಗ್ಗಿಸಿ ಹೂಳನ್ನು ಹಿಡಿದಿಡುತ್ತವೆ. ಮೀನಿನ ಮರಿಗಳಿಗೂ ಏಡಿಗಳಿಗೂ ಮರೆಯಾಗುತ್ತವೆ. ಗಿಡವು ತನಗಾಗಿ ಪಡೆದ ಲಕ್ಷಣವು ದಡಕ್ಕೂ ನೆರೆಯ ಜೀವಿಗಳಿಗೂ ಒದಗಿಬರುವುದೇ ಜೀವಿಪರಿಸರ ಶಾಸ್ತ್ರದ ತಿರುಳು.

ಕಾರ್ಯವನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಹಿಡಿದಾಗ ಆಗುವ ಹಾನಿ ಸಾಹಿತ್ಯಕ್ಕಷ್ಟೇ ಸೀಮಿತವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದ ಬಳಿಕ ನದೀಮುಖಗಳ ಬೆಲೆ ಚರ್ಚೆಗೆ ಬಂತು. 2018ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ರಾಜ್ಯದಾದ್ಯಂತ ಕಾಂಡ್ಲಾ ನಾಶವನ್ನು ನಿಷೇಧಿಸಿತು. ಸಾರ್ವಜನಿಕ ಹಿತಕ್ಕೆ ಅನಿವಾರ್ಯವಾದಲ್ಲಿ ಮಾತ್ರ ವಿನಾಯಿತಿ. ಆ ನ್ಯಾಯಾಲಯವೇ 2022ರ ಡಿಸೆಂಬರಿನಲ್ಲಿ ಅತಿವೇಗದ ರೈಲುಮಾರ್ಗಕ್ಕಾಗಿ ಸುಮಾರು 20,000 ಕಾಂಡ್ಲಾ ಗಿಡಗಳನ್ನು ಕಡಿಯಲು ಅನುಮತಿ ನೀಡಿತು. ಇಂಥ ಪ್ರಸಂಗಗಳಲ್ಲಿ ಪರಿಹಾರವೆಂದರೆ ಬೇರೆಡೆ ಗಿಡ ನೆಡುವುದು. ಜಮಾ-ಖರ್ಚು ಕಾಗದದ ಮೇಲೆ ಸರಿಹೋಗಬಹುದು. ಆದರೆ ರಸ್ತೆಬದಿಯ ಗುಲ್‌ಮೊಹರ್ ಎಷ್ಟೇ ಸೊಬಗಿನದಾದರೂ ಕೆಸರಿನಲ್ಲಿ ಉಸಿರಾಡಲಾರದು. ಕಾಂಡ್ಲಾವನ್ನೇ ನೆಟ್ಟರೂ ಉಬ್ಬರ ತಕ್ಕ ಪ್ರಮಾಣದಲ್ಲಿ ತಲುಪದ ನೆಲದಲ್ಲಿ ಅದರ ಲಕ್ಷಣಗಳು ನಿಷ್ಪ್ರಯೋಜಕ.

ಹಳೆಯ ವನವರ್ಣನೆಯ ಪಟ್ಟಿಗೂ ಕಛೇರಿಯ ಈ ಲೆಕ್ಕಕ್ಕೂ ಒಂದು ಸಾಮ್ಯವುಂಟು: ಎರಡರಲ್ಲಿಯೂ ಒಂದು ಮರದ ಸ್ಥಾನವನ್ನು ಇನ್ನೊಂದು ತುಂಬಬಲ್ಲುದು. ಸ್ವಾಮಿಯವರ ಗದ್ಯ ಅಲ್ಲಗಳೆಯುವುದು ಈ ಭಾವನೆಯನ್ನೇ. ಅವರು ಕಲಿಸಿದ ಭೇದದೃಷ್ಟಿಗೆ ಕಾರ್ಯದೃಷ್ಟಿಯನ್ನು ಜೋಡಿಸುವ ಕನ್ನಡ ಬರಹ ಇನ್ನಷ್ಟು ಬೆಳೆಯಬೇಕಾಗಿದೆ. ಕಡಲಂಚಿನ ಈ ನಗರದಲ್ಲಿ ನೆಲೆನಿಂತ ಕನ್ನಡಿಗರಿಗೆ ಅದರ ಸಾಮಗ್ರಿ ಖಾರಿಯ ಕೆಸರಿನಲ್ಲಿಯೇ ಇದೆ.