ಕಡೆಯ ದಿನದ ಕ್ಷಮೆ, ಮಾರನೆಯ ದಿನದ ಬದು

ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಕಾವ್ಯವನ್ನು ಸರ್ವಧರ್ಮ ಸಮನ್ವಯದ ಮಾದರಿಯೆಂದು ಹೊಗಳಿ ಮುಗಿಸಿಬಿಡುವುದು ಸುಲಭ. ಕೊಂಕಣಿ ಮನೆಮಾತಿನ ಕವಿ ಯೇಸುವಿನ ಮೇಲೆ ಬರೆದರಲ್ಲ ಎಂಬ ಮೆಚ್ಚುಗೆಯಲ್ಲಿ ಅದರೊಳಗಿನ ಕಷ್ಟದ ಪ್ರಶ್ನೆ ಮರೆಯಾಗುತ್ತದೆ. ತನಗೆ ಮೊಳೆ ಹೊಡೆದವರನ್ನು, ಅವರು ಕೇಳದಿದ್ದರೂ, ನೋವು ಆರುವ ಮೊದಲೇ ಕ್ಷಮಿಸಬಹುದೇ? ಈಸಾ ಅಲೈಹಿಸ್ಸಲಾಂ ಶಿಲುಬೆಗೇರಿದರೆಂದು ಮುಸ್ಲಿಮರಾದ ನಾವು ನಂಬುವುದಿಲ್ಲ. ಆದರೂ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ.

ನಮ್ಮ ಶೆಟ್ಟಿಕೆರೆಯ ತೆಂಗಿನ ಸೀಮೆಯಲ್ಲಿ ಹಗೆಯೆಂದರೆ ಬದುವಿನ ಹಗೆ. ಬದುವಿನ ಮೇಲೆ ನೆಟ್ಟ ಸಸಿ ಫಲಕ್ಕೆ ಬರಲು ಏಳೆಂಟು ವರ್ಷ. ಆಮೇಲೆ ಆಚೆ ಬಿದ್ದ ಕಾಯಿ ಯಾರದೆಂದು ಜಗಳ. ಅಪ್ಪಂದಿರು ಬಿಟ್ಟ ಮಾತನ್ನು ಮಕ್ಕಳೂ ಆಡುವುದಿಲ್ಲ. ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ನೀರು ಬತ್ತಿ ಒಳಗೆ ಗಿಟುಕು ಅಲ್ಲಾಡುವವರೆಗೆ ಕಾಯಬಲ್ಲ ಜನ ನಾವು. ಸೇಡನ್ನೂ ಹಾಗೇ ಇಟ್ಟುಕೊಳ್ಳುತ್ತೇವೆ. ಕೊಬ್ಬರಿಗಾದರೆ ತಿಪಟೂರಿನಲ್ಲಿ ಮಾರುಕಟ್ಟೆಯಿದೆ.

ಈ ಬದುವಿನ ಮೇಲೆ ನಿಂತು ಓದಿದರೆ ಕಾವ್ಯದ ಮಿತಿ ಕಾಣುತ್ತದೆ. ಪೈಗಳು ಆರಿಸಿಕೊಂಡದ್ದು ಯೇಸುವಿನ ಕಡೆಯ ದಿನವನ್ನು. ಮುಂದೆ 'ವೈಶಾಖಿ'ಯಲ್ಲಿ ಅವರು ಹಿಡಿದದ್ದೂ ಬುದ್ಧನ ಕೊನೆಗಾಲವನ್ನೇ. ಕಡೆಯ ದಿನಕ್ಕೊಂದು ಘನತೆಯಿದೆ. ಅದು ಓದುಗನಿಗೆ ರಿಯಾಯಿತಿಯನ್ನೂ ಕೊಡುತ್ತದೆ. ಕ್ಷಮಿಸಿದವನು ಮಾರನೆಯ ದಿನ ಅದೇ ಮನುಷ್ಯನ ಪಕ್ಕದ ತೋಟಕ್ಕೆ ನೀರು ಹಾಯಿಸಬೇಕಾಗಿಲ್ಲ. ಸುವಾರ್ತೆಗಳಲ್ಲಿ ಮೂರನೆಯ ದಿನವಿದೆ, ಕೈಬಿಟ್ಟು ಓಡಿದ ಶಿಷ್ಯರನ್ನು ಮತ್ತೆ ಎದುರುಗೊಳ್ಳುವುದಿದೆ. ಕಡೆಯ ದಿನದ ಚೌಕಟ್ಟಿನಲ್ಲಿ ಅದಕ್ಕೆ ಎಡೆಯಿಲ್ಲ.

ಆ ಮಾರನೆಯ ದಿನವನ್ನು ಬದುಕಿದವರು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿ 22ರ ನಡುರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ ಗ್ರಹಾಂ, ಮಕ್ಕಳಾದ 10 ವರ್ಷದ ಫಿಲಿಪ್ ಮತ್ತು 6 ವರ್ಷದ ತಿಮೋತಿ ವಾಹನದಲ್ಲಿ ಮಲಗಿದ್ದಾಗ ಗುಂಪೊಂದು ಬೆಂಕಿಯಿಟ್ಟು ಕೊಂದಿತು. ಕೊಂದವರನ್ನು ಕ್ಷಮಿಸಿದ್ದೇನೆಂದು ಆಕೆ ಹೇಳಿದರು. ಹೇಳಿ ಊರು ಬಿಡಲಿಲ್ಲ. ಮಗಳೊಂದಿಗೆ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿ, 2004ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು. ಮೊಕದ್ದಮೆಯೂ ನಡೆಯಿತು. ದಾರಾ ಸಿಂಗನಿಗೆ 2003ರಲ್ಲಿ ಮರಣದಂಡನೆಯಾಯಿತು; 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು; 2011ರಲ್ಲಿ ಸುಪ್ರೀಂ ಕೋರ್ಟು ಆ ಜೀವಾವಧಿಯನ್ನೇ ಎತ್ತಿಹಿಡಿಯಿತು. ಆಕೆಗೆ ಹಗೆ ಬಿಡುವುದು ಬೇರೆ, ಕಾನೂನು ತನ್ನ ಕೆಲಸ ಮಾಡುವುದು ಬೇರೆ.

ನಮ್ಮ ರಾಜಿ ಪಂಚಾಯ್ತಿಗಳು ಇವೆರಡನ್ನೂ ಒಂದು ಮಾಡುತ್ತವೆ. "ದೊಡ್ಡ ಮನಸ್ಸು ಮಾಡಪ್ಪ" ಎಂದು ಬುದ್ಧಿ ಹೇಳಿಸಿಕೊಳ್ಳುವವನು ಯಾವಾಗಲೂ ಪೆಟ್ಟು ತಿಂದವನೇ, ಅದರಲ್ಲೂ ಒಂದೆರಡು ಗುಂಟೆಯವನು. ಅವನಿಂದ ಕಿತ್ತುಕೊಂಡದ್ದನ್ನು ಕ್ಷಮೆಯೆನ್ನುವುದು ಶಿಲುಬೆಗೂ ಅವಮಾನ.

ಚಿಕ್ಕಪ್ಪ ಹಂಝಾರನ್ನು ಕೊಂದ ವಹ್ಶಿಯನ್ನು ಪ್ರವಾದಿಯವರು(ಸ) ಕ್ಷಮಿಸಿದರು. ಆದರೆ ತಮ್ಮ ಕಣ್ಣೆದುರು ಬಾರದಿರಲಾದೀತೇ ಎಂದೂ ಕೇಳಿದರು. ನಮ್ಮ ಬಯಾನುಗಳಲ್ಲಿ ಮೊದಲನೆಯದನ್ನು ಗಂಟಲೆತ್ತಿ ಹೇಳಿ ಎರಡನೆಯದನ್ನು ನುಂಗಿಬಿಡುವವರೇ ಹೆಚ್ಚು.