ಸಿ ಬಿಟ್ಟಿದ್ದ ಜಾಗ

ಸಿ ಭಾಷೆಯಲ್ಲಿ ಚೌಕ ಬ್ರಾಕೆಟ್ ಬರುವುದು ಹೆಸರಿನ ಬೆನ್ನಿಗೆ. ಅರೇಯ ಹೆಸರು ಮೊದಲು, ಎಷ್ಟನೆಯದು ಎಂಬ ಅಂಕಿ ಆಮೇಲೆ ಬ್ರಾಕೆಟ್ಟಿನೊಳಗೆ. ಯಾವ ಎಕ್ಸ್‌ಪ್ರೆಷನ್ನೂ ಬ್ರಾಕೆಟ್ಟಿನಿಂದಲೇ ಶುರುವಾಗುವುದಿಲ್ಲ. 1980ರ ದಶಕದ ಆರಂಭದಲ್ಲಿ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಸ್ಮಾಲ್‌ಟಾಕ್ ಭಾಷೆಯ ಸಂದೇಶ ಕಳಿಸುವ ಪದ್ಧತಿಯನ್ನು ಸಿಗೆ ತರಲು ಹೊರಟಾಗ ಹಿಡಿದದ್ದು ಈ ಖಾಲಿ ಜಾಗವನ್ನೇ. ಬ್ರಾಕೆಟ್ ತೆರೆದು ಆಬ್ಜೆಕ್ಟಿನ ಹೆಸರು, ಪಕ್ಕದಲ್ಲಿ ಅದಕ್ಕೆ ಹೇಳಬೇಕಾದದ್ದು. ಹಳೆಯ ಒಂದು ಸಾಲಿಗೂ ಇದು ಅಡ್ಡ ಬರುವುದಿಲ್ಲ!

ಸಿ ಮುಟ್ಟದೆ ಬಿಟ್ಟಿದ್ದ ಇನ್ನೊಂದು ಚಿಹ್ನೆ @. ಅವರು ಹೀಗೆ ಕಟ್ಟಿದ ಹೊಸ ಭಾಷೆ ಆಬ್ಜೆಕ್ಟಿವ್-ಸಿಯ ಮುಖ್ಯ ಪದಗಳಾದ @ಇಂಟರ್‌ಫೇಸ್, @ಎಂಡ್ ಇದನ್ನು ತೊಟ್ಟುಕೊಂಡೇ ಬಂದವು. ಹಳೆಯ ಪ್ರೋಗ್ರಾಮಿನಲ್ಲಿ ಯಾರೋ ವೇರಿಯಬಲ್ಲಿಗೆ 'ಎಂಡ್' ಎಂದು ಹೆಸರಿಟ್ಟಿದ್ದರೆ ಇಟ್ಟುಕೊಳ್ಳಲಿ, ಏನೂ ಕೆಡದು. ಸಿ++ ಮಾತ್ರ 'ನ್ಯೂ', 'ಕ್ಲಾಸ್' ಪದಗಳನ್ನು ತನ್ನದಾಗಿಸಿಕೊಂಡಿತು. ಆ ಹೆಸರುಗಳಿದ್ದ ಸಿ ಪ್ರೋಗ್ರಾಮುಗಳನ್ನು ತಿದ್ದದೆ ಗತಿಯಿರಲಿಲ್ಲ. ನನಗೆ ಆಬ್ಜೆಕ್ಟಿವ್-ಸಿಯ ಸೌಜನ್ಯವೇ ಇಷ್ಟ.

ಮೊದಮೊದಲು ಅದು ಸಿಗೆ ತಿರುಗಿಸಿಕೊಡುವ ಪ್ರೀಪ್ರೊಸೆಸರ್ ಅಷ್ಟೇ. ಜಿಸಿಸಿ ಕಂಪೈಲರಿನೊಳಕ್ಕೆ ಅದನ್ನು ತಂದವರು ನೆಕ್ಸ್ಟ್ ಕಂಪನಿಯ ಸ್ಟೀವ್ ನರಾಫ್. ಮೂಲ ಕೋಡನ್ನು ಬಿಟ್ಟುಕೊಡಲು ಕಂಪನಿಗೆ ಮನಸ್ಸಿರಲಿಲ್ಲ, ಜಿಸಿಸಿಯ ಜಿಪಿಎಲ್ ಲೈಸೆನ್ಸ್ ಬಿಡಲಿಲ್ಲ. ಹಾಗಾಗಿ ಅದನ್ನು ಇಂದು ಯಾರು ಬೇಕಾದರೂ ಓದಬಹುದು.

ಓದುವುದಾದರೆ ಹಳೆಯ ಜಿಸಿಸಿಯ ಸಿ-ಪಾರ್ಸ್.ಇನ್ ಎಂಬ ಕಡತವನ್ನು ಓದಬೇಕು. ಎರಡು ಭಾಷೆಗಳ ವ್ಯಾಕರಣವೂ ಆ ಒಂದೇ ಕಡತದಲ್ಲಿದೆ. ಇಫ್, ಫಾರ್, ವೈಲ್‌ಗಳ ನಿಯಮ ಓದುತ್ತ ಹೋದಂತೆ ನಡುವೆ 'ಇಫ್‌ಆಬ್ಜ್‌ಸಿ' ಎಂಬ ಒಂಟಿ ಸಾಲು ಸಿಗುತ್ತದೆ. ಸಂದೇಶದ ನಿಯಮ ಅದರ ಕೆಳಗೆ. ಮತ್ತೆ 'ಎಂಡ್ ಇಫ್‌ಆಬ್ಜ್‌ಸಿ', ಸಿಯ ನಿಯಮ ಮುಂದುವರಿಯುತ್ತದೆ. ಕಂಪೈಲರ್ ಕಟ್ಟುವಾಗ 'ಸೆಡ್' ಎಂಬ ಪುಟ್ಟ ಸಾಧನ ಆ ಭಾಗಗಳನ್ನು ಕಿತ್ತರೆ ಉಳಿಯುವುದು ಸಿ, ಬಿಟ್ಟರೆ ಆಬ್ಜೆಕ್ಟಿವ್-ಸಿ. ಕಿತ್ತ ಕಡೆ ಕಲೆಯೂ ಉಳಿಯದು. ಹೊಸ ಭಾಷೆ ಹಳೆಯದಕ್ಕಿಂತ ಎಷ್ಟು ಹೆಚ್ಚು ಎಂಬುದು ಇಷ್ಟು ನಿಚ್ಚಳವಾಗಿ ಕಣ್ಣಿಗೆ ಕಾಣುವ ಇನ್ನೊಂದು ಕಡತ ನನಗೆ ಗೊತ್ತಿಲ್ಲ.

ಮುಂದಿನ ಹೆಜ್ಜೆ ಇನ್ನೂ ಹಗುರ. ಬ್ರಾಕೆಟ್ಟಿನೊಳಗಿನ ಸಂದೇಶವನ್ನು ಕಂಪೈಲರಿನ ಮುಂಭಾಗ ಒಂದು ಮಾಮೂಲಿ ಫಂಕ್ಷನ್ ಕರೆಯಾಗಿ ಬದಲಿಸುತ್ತದೆ: ಮೊದಲ ಆರ್ಗ್ಯುಮೆಂಟ್ ಆಬ್ಜೆಕ್ಟ್, ಎರಡನೆಯದು ಸಂದೇಶದ ಹೆಸರು. ಯಾವ ಮೆಥಡ್ ಎಂದು ಹುಡುಕುವುದು ಪ್ರೋಗ್ರಾಂ ಓಡುವಾಗ ಆ ಫಂಕ್ಷನ್ನಿನ ಪಾಡು. ಯಂತ್ರಭಾಷೆ ಹೊರಡಿಸುವ ಹಿಂಭಾಗಕ್ಕೆ ಕಾಣುವುದು ಸಿ ಬರೆದವರೂ ಬರೆಯಬಹುದಾಗಿದ್ದ ಕರೆ. ನೆಕ್ಸ್ಟ್ ಕಂಪನಿಯ ಆಪರೇಟಿಂಗ್ ಸಿಸ್ಟಂ ನೆಕ್ಸ್ಟ್‌ಸ್ಟೆಪ್ ಮೋಟೊರೊಲಾದ 68000 ಕುಟುಂಬದಿಂದ ಇಂಟೆಲ್, ಪಿಎ-ರಿಸ್ಕ್, ಸ್ಪಾರ್ಕ್‌ಗಳಿಗೆ ಹೋದಾಗಲೂ ಆ ಪ್ರೊಸೆಸರುಗಳಿಗೆ ಸಿ ಬರೆಯಬಲ್ಲ ಹಿಂಭಾಗಗಳೇ ಆಬ್ಜೆಕ್ಟಿವ್-ಸಿಗೂ ಸಾಕಾದವು.